ಟೇಲ್‌ಗೇಟ್ ಕೇಬಲ್ ಎಲ್ಲಿ ಸೋಲುತ್ತದೆ: ಬದಲಿ ಕೇಬಲ್‌ಗಳ ಬಲ ಮತ್ತು ದೋಷ ನಿವಾರಣೆ

ಪಿಕಪ್ ಮತ್ತು ಯುಟಿಲಿಟಿ ವಾಹನಗಳ ಹಿಂಬಾಗಿಲನ್ನು (ಟೇಲ್‌ಗೇಟ್) ತೆರೆದಾಗ ಅಡ್ಡಲಾಗಿ ಹಿಡಿದು ನಿಲ್ಲಿಸುವುದು ಎರಡು ತೆಳು ಉಕ್ಕಿನ ಕೇಬಲ್‌ಗಳು. ಕಂಪನಿಯ ಮೂಲ ಕೇಬಲ್ ಹೋದ ಮೇಲೆ ಹೊರಗಿನ ತಯಾರಕರ ಜೋಡಿ ಹಾಕಿಸುತ್ತೇವೆ, ಕೆಲವು ತಿಂಗಳಲ್ಲೇ ಬಾಗಿಲು ಒಂದು ಕಡೆ ವಾಲುತ್ತದೆ, ಇಲ್ಲವೇ ಸರಕು ಏರಿಸುವಾಗ ಕೇಬಲ್ ಕಿತ್ತು ಬರುತ್ತದೆ. ಆಗ ಎಲ್ಲರೂ ಮೊದಲು ಕೇಳುವುದು ‘ಹಗ್ಗ ಎಷ್ಟು ಮಿಮೀ ದಪ್ಪ?’ ಎಂದು. ಆದರೆ ಕೇಬಲ್ ನಡುಮಧ್ಯದಲ್ಲಿ ತುಂಡಾಗುವುದು ಅಪರೂಪ. ಸೋಲುವುದು ತುದಿಯಲ್ಲಿ: ಹಗ್ಗ, ಅಂದರೆ ಕೇಬಲಿನ ಹೆಣೆದ ತಂತಿ, ಲೋಹದ ಕೊಳವೆಯೊಳಗೆ (ಫೆರೂಲು) ಹೋಗುವ ಬಾಯಿಯಲ್ಲಿ, ಬೋಲ್ಟ್ ಕೂರುವ ತೂತಿರುವ ತುದಿಯ ತಗಡಿನಲ್ಲಿ (ಕಣ್ಣು), ಬೋಲ್ಟಿನಲ್ಲಿ. ಅದಕ್ಕೇ ಇಲ್ಲಿ ತಪಾಸಣೆ ತುದಿಗಳಿಂದ ಶುರುವಾಗುತ್ತದೆ.

ಕೆಲಸಕ್ಕೆ ಮುಂಚೆ

ಕೇಬಲ್ ಮೇಲೆ ಅನುಮಾನವಿದ್ದರೆ ತೆರೆದ ಬಾಗಿಲಿನ ಮೇಲೆ ಕೂರಬೇಡಿ, ಅದರ ಕೆಳಗೆ ಕೈ ಇಡಬೇಡಿ. ಬಾಗಿಲಿನ ಹೊರ ಅಂಚಿನ ಎರಡೂ ಮೂಲೆಗಳ ಕೆಳಗೆ ಜ್ಯಾಕ್ ಸ್ಟ್ಯಾಂಡ್ ಅಥವಾ ಗಟ್ಟಿ ಮರದ ದಿಮ್ಮಿ ನಿಲ್ಲಿಸಿ. ಒಂದೇ ಕೇಬಲ್ ಬಿಚ್ಚುವಾಗಲೂ ಇದು ಬೇಕು. ಬಹಳ ಮಾದರಿಗಳಲ್ಲಿ ಬಾಗಿಲನ್ನು ಅರ್ಧ ಮುಚ್ಚಿದ ಒಂದು ಕೋನದಲ್ಲಿ ಒಂದು ಬದಿಯ ಹಿಂಜು (ಬಾಗಿಲು ತಿರುಗುವ ಕೀಲು) ತಾನು ಕೂರುವ ಬಟ್ಟಲಿನಿಂದ ಮೇಲೆದ್ದು ಹೊರಬರುವಂತೆ ಮಾಡಿರುತ್ತಾರೆ. ಕೇಬಲ್ ಬಿಚ್ಚಿದ ಬಾಗಿಲು ಆ ಕೋನ ದಾಟುವಾಗ ಕೈಜಾರಿದರೆ ಪೂರ್ತಿ ಕಳಚಿ ಕಾಲಿನ ಮೇಲೆ ಬೀಳುತ್ತದೆ. ಬಾಗಿಲಿನಲ್ಲಿ ಕ್ಯಾಮೆರಾ ಅಥವಾ ಪವರ್ ಲಾಕ್ ಇದ್ದರೆ ಅದರ ವೈರಿಂಗ್ ಕನೆಕ್ಟರನ್ನು ಮೊದಲೇ ಬಿಚ್ಚಿ.

ಬೇಕಾದ ಸಾಮಾನು: ವರ್ನಿಯರ್ ಕ್ಯಾಲಿಪರ್, ಅಳತೆ ಟೇಪು, ನಕ್ಷತ್ರಾಕಾರದ ಟಾರ್ಕ್ಸ್ ಬಿಟ್‌ಗಳು (ಬಹಳ ಪಿಕಪ್‌ಗಳಲ್ಲಿ ಟಿ-40 ಅಥವಾ ಟಿ-50), ಚಪ್ಪಟೆ ಸ್ಕ್ರೂಡ್ರೈವರ್, ಟಾರ್ಚು, ಬಿಳಿ ಅಥವಾ ಹಳದಿ ಪೇಂಟ್ ಮಾರ್ಕರ್, ಮಧ್ಯಮ ಬಲದ ಥ್ರೆಡ್ ಲಾಕರ್ (ಬೋಲ್ಟ್ ಸಡಿಲಾಗದಂತೆ ಹಿಡಿಯುವ ಅಂಟು), ಟಾರ್ಕ್ ರೆಂಚು (ಎಷ್ಟು ಬಿಗಿದಿದೆ ಎಂದು ತೋರಿಸುವ ರೆಂಚು).

ಬಾಗಿಲು ಒಂದು ಕಡೆ ವಾಲಿದ್ದರೆ

ವಾಲಿದ ಕಡೆಯ ಕೇಬಲ್ ಉದ್ದವಾಗಿದೆ ಎಂದು ಕೂಡಲೇ ತೀರ್ಮಾನಿಸಬೇಡಿ. ಹಿಂಜಿನ ಬಟ್ಟಲು ಸವೆದಿದ್ದರೂ, ಸರಕು ಪೆಟ್ಟಿಗೆಯ ಹಿಂದಿನ ಕಂಬದಲ್ಲಿ ಕೇಬಲ್ ಸಿಕ್ಕಿಸುವ ಬೋಲ್ಟ್ ಬಾಗಿದ್ದರೂ, ಬಾಗಿಲೇ ತಿರುಚಿದ್ದರೂ ಹೊರಗೆ ಕಾಣುವುದು ಇದೇ ಲಕ್ಷಣ. ಬೇರ್ಪಡಿಸುವ ದಾರಿ ಸುಲಭ. ಸರಕು ಪೆಟ್ಟಿಗೆಯ ನೆಲದ ಮೇಲೆ ಉದ್ದನೆಯ ನೇರ ಪಟ್ಟಿಯೊಂದನ್ನು ಹೊರಚಾಚಿ ಇಟ್ಟು, ಅದರಿಂದ ಬಾಗಿಲಿನ ಹೊರ ಅಂಚಿಗೆ ಎಡದಲ್ಲೂ ಬಲದಲ್ಲೂ ಎಷ್ಟು ಅಂತರವಿದೆ ಎಂದು ಬರೆದುಕೊಳ್ಳಿ. ರಸ್ತೆಯ ಮಟ್ಟದಿಂದ ಅಳೆದರೆ ಟೈರಿನ ಗಾಳಿಯ ವ್ಯತ್ಯಾಸವೂ ಲೆಕ್ಕಕ್ಕೆ ಸೇರಿಬಿಡುತ್ತದೆ. ಈಗ ಎಡ-ಬಲ ಕೇಬಲ್‌ಗಳನ್ನು ಅದಲುಬದಲು ಮಾಡಿ, ಮತ್ತೆ ಅಳೆಯಿರಿ. ವಾಲುವಿಕೆ ಇನ್ನೊಂದು ಬದಿಗೆ ಹೋಯಿತೆಂದರೆ ದೋಷ ಕೇಬಲಿನದು. ಇದ್ದಲ್ಲೇ ಉಳಿಯಿತೆಂದರೆ ಕೇಬಲ್ ಬದಲಿಸಿ ಪ್ರಯೋಜನವಿಲ್ಲ, ಹಿಂಜು ಮತ್ತು ಬೋಲ್ಟ್ ನೋಡಿ. ಎಡ-ಬಲಕ್ಕೆ ಬೇರೆ ಬೇರೆ ಆಕಾರದ ತುದಿ ಇರುವ ಮಾದರಿಗಳಲ್ಲಿ ಅದಲುಬದಲು ಆಗದು. ಅಲ್ಲಿ ಎರಡನ್ನೂ ಬಿಚ್ಚಿ ಒಂದೇ ಮೊಳೆಗೆ ನೇತುಹಾಕಿ, ಪ್ರತಿಯೊಂದಕ್ಕೂ 10 ಕಿಲೋ ತೂಕ ಕಟ್ಟಿ, ಕಣ್ಣಿನಿಂದ ಕಣ್ಣಿಗೆ ಉದ್ದ ಹೋಲಿಸಿ. ತೂಕ ಕಟ್ಟದೆ ಹೋಲಿಸಿದರೆ ಹಗ್ಗದ ಸಹಜ ಸುರುಳಿಯೇ ಕೆಲವು ಮಿಮೀ ನುಂಗುತ್ತದೆ.

ಎಷ್ಟು ಮಿಮೀ ವ್ಯತ್ಯಾಸ ಸಹಿಸಬಹುದು? ಒಂದು ಸಾಮಾನ್ಯ ಅಳತೆ ತೆಗೆದುಕೊಳ್ಳೋಣ: ಬಾಗಿಲಿನ ಎತ್ತರ 550 ಮಿಮೀ, ಹಿಂಜಿನಿಂದ 400 ಮಿಮೀ ದೂರದಲ್ಲಿ ಬಾಗಿಲಿಗೆ ಕೇಬಲ್, ಹಿಂಜಿನಿಂದ 350 ಮಿಮೀ ಮೇಲೆ ಕಂಬಕ್ಕೆ ಕೇಬಲ್. ಸಮತಲದಲ್ಲಿ ನಿಲ್ಲಲು ಬೇಕಾದ ಉದ್ದ ಸುಮಾರು 531 ಮಿಮೀ. ಕೇಬಲ್ 5 ಮಿಮೀ ಉದ್ದವಾದರೆ ಬಾಗಿಲಿನ ಅಂಚು ಸುಮಾರು 10 ಮಿಮೀ ಇಳಿಯುತ್ತದೆ. 20 ಮಿಮೀ ಉದ್ದವಾದರೆ ಇಳಿತ 40 ಮಿಮೀ ದಾಟುತ್ತದೆ, ಕೆಲವು ವಾಹನಗಳಲ್ಲಿ ಅಷ್ಟಕ್ಕೇ ಬಾಗಿಲು ಬಂಪರಿಗೆ ಬಡಿಯುತ್ತದೆ. ಜೋಡಿಯಲ್ಲಿ ಒಂದು 5 ಮಿಮೀ ಗಿಡ್ಡವಿದ್ದರೆ ಬಾಗಿಲು ಅಷ್ಟು ತಿರುಚಿಕೊಳ್ಳುವವರೆಗೂ ಭಾರವೆಲ್ಲ ಆ ಒಂದರ ಮೇಲೆಯೇ. ಜೋಡಿಯೊಳಗಿನ ವ್ಯತ್ಯಾಸ 2 ಮಿಮೀ ಮೀರಿದ ಕೇಬಲ್‌ಗಳನ್ನು ಹಾಕಬೇಡಿ. ಒಂದು ಹಳೆಯದು, ಒಂದು ಹೊಸದು ಎಂಬ ಜೋಡಿಯೂ ಬೇಡ.

ಇನ್ನೊಂದು ಪರಿಸ್ಥಿತಿ ಇದೆ: ಬಾಗಿಲು ಪೂರ್ತಿ ತೆರೆದಿದ್ದರೂ ಕೇಬಲ್ ಸಡಿಲವಾಗಿ ಜೋತಾಡುತ್ತಿರುತ್ತದೆ. ಬಾಗಿಲು ನಿಧಾನಕ್ಕೆ ಇಳಿಯಲೆಂದು ನಂತರ ಹಾಕಿಸಿದ ಗ್ಯಾಸ್ ಡ್ಯಾಂಪರ್ ಇದ್ದರೆ ಅದನ್ನು ನೋಡಿ. ಕೇಬಲ್ ಬಿಗಿಯಾಗುವ ಮೊದಲೇ ಡ್ಯಾಂಪರಿನ ದಂಡ ಕೊನೆ ಮುಟ್ಟಿದ್ದರೆ ಭಾರ ಹೊರುತ್ತಿರುವುದು ಡ್ಯಾಂಪರು. ಅದು ಭಾರ ಹೊರಲು ಮಾಡಿದ್ದಲ್ಲ. ಅದರ ಗುಂಡು ಪಿನ್ನು ಒಂದು ದಿನ ಕಿತ್ತು ಬಂದು, ಬಾಗಿಲು ಜಗ್ಗನೆ ಕೇಬಲ್ ಮೇಲೆ ಬೀಳುತ್ತದೆ. ಆ ಜಗ್ಗಿಗೆ ಕೇಬಲ್ ಹರಿದರೆ ಕೇಬಲನ್ನು ದೂರುವಂತಿಲ್ಲ.

ಕಿತ್ತುಹೋದ ಕೇಬಲನ್ನು ಓದುವುದು

ಹರಿದ ತುಂಡುಗಳನ್ನು ಎಸೆಯಬೇಡಿ, ಕಾರಣ ಅದರಲ್ಲೇ ಇರುತ್ತದೆ.

ಹಗ್ಗ ಪೂರ್ತಿಯಾಗಿದ್ದು ಲೋಹದ ಕೊಳವೆಯೊಳಗಿಂದ ಜಾರಿ ಹೊರಬಂದಿದ್ದರೆ ಅದು ಕ್ರಿಂಪಿನ ದೋಷ, ಅಂದರೆ ಕೊಳವೆಯನ್ನು ಹಗ್ಗದ ಮೇಲೆ ಒತ್ತಿ ಹಿಡಿಸಿದ್ದರ ದೋಷ. ಅಗ್ಗದ ಕೇಬಲ್‌ಗಳಲ್ಲಿ ಇದರ ಒಂದು ಖಚಿತ ಕಾರಣ, ಪ್ಲಾಸ್ಟಿಕ್ ಹೊದಿಕೆಯನ್ನು ಸುಲಿಯದೆ ಅದರ ಮೇಲೆಯೇ ಫೆರೂಲ್ ಒತ್ತಿರುವುದು. ಹೊಸದರಲ್ಲಿ ಬಿಗಿಯಾಗಿಯೇ ಇರುತ್ತದೆ. ಬಿಸಿಲಿಗೂ ಎಳೆತಕ್ಕೂ ಪ್ಲಾಸ್ಟಿಕ್ ನಿಧಾನವಾಗಿ ಮೆತ್ತಗೆ ಸರಿದು ಜಾಗ ಬಿಡುತ್ತದೆ, ಹಿಡಿತ ಸಡಿಲಾಗುತ್ತದೆ. ಹಗ್ಗದ ಬಲ ಎಷ್ಟಿದ್ದರೂ ಆಗ ಅದು ಕೆಲಸಕ್ಕೆ ಬಾರದು. ಸರಿಯಾದ ಕ್ರಿಂಪಿನಲ್ಲಿ ಫೆರೂಲಿನ ಒಳಗಿರುವುದು ಬರಿಯ ಉಕ್ಕು ಮಾತ್ರ, ಒತ್ತಿದ ಗುರುತುಗಳು ಸುತ್ತಲೂ ಸಮನಾಗಿರುತ್ತವೆ, ಆಚೆ ಬಾಯಲ್ಲಿ ತಂತಿಯ ತುದಿ ಇಣುಕುತ್ತಿರುತ್ತದೆ. ತುದಿ ಕಾಣದಿದ್ದರೆ ಹಗ್ಗ ಎಷ್ಟು ಒಳಹೋಗಿದೆ ಎಂದು ಹೇಳಲು ಯಾರಿಗೂ ಆಗದು. ಚೆನ್ನಾಗಿ ಒತ್ತಿದ ಫೆರೂಲು ಹಗ್ಗದ ಬಲದ 90 ಶೇಕಡಾ ಅಥವಾ ಹೆಚ್ಚನ್ನು ಉಳಿಸಿಕೊಡುತ್ತದೆ. ಕೆಟ್ಟದಾಗಿ ಒತ್ತಿದ್ದಕ್ಕೆ ಕೆಳಮಿತಿಯೇ ಇಲ್ಲ.

ಫೆರೂಲಿನ ಬಾಯಲ್ಲೇ, ಒಂದೇ ಮಟ್ಟದಲ್ಲಿ, ತಂತಿಗಳು ಚಪ್ಪಟೆಯಾಗಿ ಮುರಿದಿದ್ದರೆ ಅದು ಬಳಲಿಕೆ, ಪದೇ ಪದೇ ಮಡಚಿ ಲೋಹ ಸೋತದ್ದು. ಎಳೆತಕ್ಕೆ ಹರಿದ ತಂತಿಯ ತುದಿ ಪೆನ್ಸಿಲಿನ ಮೊನೆಯಂತೆ ಸಣ್ಣಗಾಗಿರುತ್ತದೆ, ಬಳಲಿ ಮುರಿದದ್ದು ಹಾಗಾಗದೆ ಕಡಿದಂತಿರುತ್ತದೆ. ಬಳಲಿಕೆ ಕಂಡರೆ ಬಾಗಿಲಿನ ಕಡೆಯ ಕಣ್ಣು ಬೋಲ್ಟಿನ ಮೇಲೆ ಸಲೀಸಾಗಿ ತಿರುಗುತ್ತಿತ್ತೇ ಎಂದು ಪರೀಕ್ಷಿಸಿ. ಮೂಲ ಕೇಬಲ್‌ಗಳಲ್ಲಿ ಭುಜವಿರುವ ಬೋಲ್ಟ್ ಅಥವಾ ಬುಷ್ (ಬೋಲ್ಟಿನ ಸುತ್ತ ಕೂರುವ ಗಿಡ್ಡ ಕೊಳವೆ) ಇರುತ್ತದೆ. ಬೋಲ್ಟನ್ನು ಪೂರ್ತಿ ಬಿಗಿದರೂ ಕಣ್ಣು ತಿರುಗಲು ಜಾಗವಿರುತ್ತದೆ. ಬದಲಿ ಕಿಟ್‌ನಲ್ಲಿ ಈ ಬುಷ್ ಬಾರದೆ ಸಾದಾ ಬೋಲ್ಟ್ ಹಾಕಿದರೆ ಕಣ್ಣು ತಗಡಿಗೆ ಒತ್ತಿಕೊಂಡು ಅಲುಗದೆ ನಿಲ್ಲುತ್ತದೆ. ಆಮೇಲೆ ಬಾಗಿಲು ತೆರೆದಾಗೊಮ್ಮೆ ಮುಚ್ಚಿದಾಗೊಮ್ಮೆ ಹಗ್ಗವೇ ಫೆರೂಲಿನ ಬಾಯಲ್ಲಿ ಮಡಚಬೇಕು. ದಿನಕ್ಕೆ ಹತ್ತು ಸಲ ತೆರೆಯುವ ವಾಹನದಲ್ಲಿ ವರ್ಷಕ್ಕೆ ಏಳು ಸಾವಿರಕ್ಕೂ ಹೆಚ್ಚು ಮಡಿಕೆ! ಕೇಬಲ್ ಎಷ್ಟೇ ಒಳ್ಳೆಯದಿರಲಿ, ಈ ಒಂದು ಬುಷ್ ತಪ್ಪಿದರೆ ಉಳಿಯುವುದಿಲ್ಲ. ನಮ್ಮ ಲೆಕ್ಕದಲ್ಲಿ ಅಳವಡಿಕೆಯಲ್ಲಿ ಆಗುವ ಅತಿ ದುಬಾರಿ ತಪ್ಪು ಇದೇ.

ಹಗ್ಗದ ನಡುವೆ ಚಪ್ಪಟೆಯಾದ, ಕಿಂಕಾದ (ಮಡಿಕೆ ಬಿದ್ದು ನೇರವಾಗದ) ಜಾಗದಲ್ಲಿ ಹರಿದಿದ್ದರೆ ಮುಚ್ಚುವಾಗ ಬಾಗಿಲು ಮತ್ತು ಕಂಬದ ನಡುವೆ ಅದು ಸಿಕ್ಕಿಹಾಕಿಕೊಂಡಿದೆ. ಕೇಬಲನ್ನು ತಿರುಚಿ ಅಳವಡಿಸಿದರೆ ಅದು ಒಳಕ್ಕೆ ಮಡಚುವ ಬದಲು ಹೊರಕ್ಕೆ, ಸಂದಿನೊಳಕ್ಕೆ ಬಾಗುತ್ತದೆ. ಕಣ್ಣುಗಳು ಎರಡೂ ಒಂದೇ ಸಮತಲದಲ್ಲಿರಬೇಕು. ಬೋಲ್ಟ್ ಬಿಗಿಯುವ ಮುಂಚೆ ಹಗ್ಗದ ತಿರುಚು ಬಿಡಿಸಿ.

ಹಗ್ಗ, ಫೆರೂಲು ಎರಡೂ ಸರಿಯಿದ್ದು ಕಂಬದಿಂದ ಕಳಚಿ ಬಂದಿದ್ದರೆ ಮೇಲಿನ ತುದಿಯ ಬೀಗದ ಕಂಡಿಯಾಕಾರದ ತೂತನ್ನು ನೋಡಿ. ಅಗಲ ಭಾಗದಿಂದ ಬೋಲ್ಟಿನ ತಲೆ ತೂರಿಸಿ, ಕಿರಿದಾದ ಭಾಗಕ್ಕೆ ಎಳೆದು, ಸ್ಪ್ರಿಂಗ್ ತಗಡು ಹಿಂದಕ್ಕೆ ಜಾರದಂತೆ ತಡೆಯುವುದು ಇದರ ಕ್ರಮ. ಸ್ಪ್ರಿಂಗ್ ಸೋತಿದ್ದರೆ ಬಾಗಿಲು ಮುಚ್ಚಿದಾಗ ಕೇಬಲ್ ಸಡಿಲಗೊಂಡು ತಾನೇ ಹೊರಬರುತ್ತದೆ. ಬದಲಿ ಕೇಬಲಿನ ಕಂಡಿ ಬೋಲ್ಟಿನ ಕತ್ತಿಗಿಂತ ಅಗಲವಿದ್ದರೂ ಹೀಗೇ ಆಗುತ್ತದೆ. ಕ್ಯಾಲಿಪರಿನಲ್ಲಿ ಎರಡನ್ನೂ ಅಳೆದರೆ ಗೊತ್ತಾಗುತ್ತದೆ. ಕಂಡಿಯ ಅಂಚು ಉದ್ದಕ್ಕೆ ಎಳೆದುಕೊಂಡಿದ್ದರೆ ತಗಡು ಮೆತ್ತಗಿನದು, ಅಂಥ ಜೋಡಿಯನ್ನು ಮತ್ತೆ ಹಾಕಬೇಡಿ.

ತುಕ್ಕು: ಹೊದಿಕೆಯ ಕೆಳಗಿನ ಕಳ್ಳ

ಪ್ಲಾಸ್ಟಿಕ್ ಹೊದಿಕೆ ಪೇಂಟನ್ನು ಕಾಪಾಡುತ್ತದೆ, ಸದ್ದು ತಗ್ಗಿಸುತ್ತದೆ. ಹಗ್ಗವನ್ನು ತುಕ್ಕಿನಿಂದ ಕಾಪಾಡುತ್ತದೆ ಎಂಬುದು ಅರ್ಧ ಸತ್ಯ. ಸಣ್ಣ ಬಿರುಕಿನಿಂದ ಅಥವಾ ಫೆರೂಲಿನ ಬಾಯಿಂದ ಒಳಹೋದ ನೀರು ತಂತಿಗಳ ಸಂದಿನಲ್ಲಿ ಹರಡುತ್ತದೆ, ಒಣಗಲು ದಾರಿಯಿಲ್ಲ. ಹೊರಗೆ ಹೊಳೆಯುವ ಕಪ್ಪು ಕೇಬಲ್, ಒಳಗೆ ಕೆಂಪು ಪುಡಿ. 2004ರಲ್ಲಿ ಜನರಲ್ ಮೋಟರ್ಸ್ ಉತ್ತರ ಅಮೆರಿಕದಲ್ಲಿ ಸುಮಾರು 40 ಲಕ್ಷ ಪಿಕಪ್‌ಗಳನ್ನು ಹಿಂದಕ್ಕೆ ಕರೆಸಿದ್ದು ಇದೇ ಕಾರಣಕ್ಕೆ: ಸತು ಲೇಪಿಸಿದ ಉಕ್ಕಿನ ಟೇಲ್‌ಗೇಟ್ ಕೇಬಲ್‌ಗಳು ತುಕ್ಕು ಹಿಡಿದು ತುಂಡಾಗುತ್ತಿದ್ದವು. ಬದಲಿಗೆ ಹಾಕಿದ್ದು ಸ್ಟೇನ್‌ಲೆಸ್ ಕೇಬಲ್.

ತುಕ್ಕು ಇಷ್ಟು ಬೇಗ ಬಲ ತಿನ್ನುವುದಕ್ಕೆ ಕಾರಣ ತಂತಿಗಳ ತೆಳುವು. 7×19 ರಚನೆಯ ಹಗ್ಗದಲ್ಲಿ ಏಳು ಎಳೆ, ಎಳೆಗೆ 19 ತಂತಿ, ಒಟ್ಟು 133. ಹಗ್ಗ 3.2 ಮಿಮೀ ಇದ್ದರೆ ಒಂದೊಂದು ತಂತಿ ಸುಮಾರು 0.21 ಮಿಮೀ ಮಾತ್ರ. ಸುತ್ತಲೂ 0.02 ಮಿಮೀ ಆಳಕ್ಕೆ ತುಕ್ಕು ತಿಂದರೆ ಆ ತಂತಿಯ ಮೂರನೇ ಒಂದು ಪಾಲು ಹೋಯಿತು. ಅದೇ ದಪ್ಪದ 7×7 ಹಗ್ಗದಲ್ಲಿ 49 ತಂತಿ, ಒಂದೊಂದೂ ಸುಮಾರು 0.35 ಮಿಮೀ, ಅಷ್ಟೇ ತುಕ್ಕಿಗೆ ಹೋಗುವುದು ಐದನೇ ಒಂದು ಪಾಲು. ಆದರೆ 7×7 ಗಡುಸು, ಪದೇ ಪದೇ ಮಡಚಲು ಒಗ್ಗುವುದಿಲ್ಲ. ಬಾಗಿಲು ಮುಚ್ಚಿದಾಗ ಮಡಚಿ ಕೂರಬೇಕಾದ ಕೇಬಲಿಗೆ 7×19 ವಾಸಿ.

ಪರೀಕ್ಷಿಸಲು ಹೊದಿಕೆಯ ಮೇಲೆ ಬೆರಳಾಡಿಸಿ. ಉಬ್ಬು ಸಿಕ್ಕರೆ ಒಳಗೆ ತುಕ್ಕು ಊದಿಕೊಂಡಿದೆ. ಬಟ್ಟೆ ಸುತ್ತಿ ಹಗ್ಗವನ್ನು ನಿಧಾನವಾಗಿ ಬಾಗಿಸಿ. ಮರಳು ತಿಕ್ಕಿದ ಸದ್ದು ಬಂದರೂ, ಮುಳ್ಳಿನಂತೆ ತಂತಿ ಬಟ್ಟೆಗೆ ಸಿಕ್ಕಿದರೂ ಕೇಬಲಿನ ಆಯಸ್ಸು ಮುಗಿದಿದೆ. ಫೆರೂಲಿನ ಬಾಯಲ್ಲಿ ಬಿಳಿ ಪುಡಿ ಕಂಡರೆ ಸತು ಕರಗುತ್ತಿದೆ ಎಂದರ್ಥ, ಕೆಂಪು ಕಂಡರೆ ಸತು ಮುಗಿದು ಉಕ್ಕಿಗೆ ತಗಲಿದೆ. ಒಂದೇ ತಂತಿ ಮುರಿದಿದ್ದರೂ ಜೋಡಿಯನ್ನೇ ಬದಲಿಸಿ. ಕಾಣುವ ಒಂದರ ಹಿಂದೆ ಕಾಣದವು ಎಷ್ಟಿವೆಯೋ.

ಸ್ಟೇನ್‌ಲೆಸ್ ಹೌದೋ ಅಲ್ಲವೋ ಎಂದು ಅಯಸ್ಕಾಂತ ಹಿಡಿದು ನೋಡುವವರಿದ್ದಾರೆ. ಈ ಪರೀಕ್ಷೆಯನ್ನು ನಂಬಬೇಡಿ. 304 ದರ್ಜೆಯ ಸ್ಟೇನ್‌ಲೆಸ್ ಉಕ್ಕನ್ನು ತಣ್ಣಗೇ ಎಳೆದು ತಂತಿ ಮಾಡಿದಾಗ ಅದಕ್ಕೂ ತುಸು ಅಯಸ್ಕಾಂತ ಗುಣ ಬರುತ್ತದೆ. ಇನ್ನು ಸ್ಟೇನ್‌ಲೆಸ್ ಹಗ್ಗಕ್ಕೆ ಸಾದಾ ಉಕ್ಕಿನ ಕಣ್ಣು ಒತ್ತಿದ್ದರೆ ಒದ್ದೆಯಲ್ಲಿ ಮೊದಲು ತಿನ್ನಿಸಿಕೊಳ್ಳುವುದು ಕಣ್ಣು. ಹಗ್ಗ ಸ್ಟೇನ್‌ಲೆಸ್ ಎಂದು ಬರೆದಿದ್ದರೆ ಸಾಲದು, ತುದಿಗಳೂ ಏನೆಂದು ಕೇಳಿ.

ಎಷ್ಟು ಬಲ ಬೇಕು

ಮೇಲಿನ ಅಳತೆಯ ಬಾಗಿಲನ್ನೇ ಇಟ್ಟುಕೊಳ್ಳಿ. ಬಾಗಿಲಿನ ತೂಕ 25 ಕಿಲೋ, ಅದರ ತೂಕ ಕೇಂದ್ರ ಹಿಂಜಿನಿಂದ 260 ಮಿಮೀ. ಹಿಂಜಿನಿಂದ ಕೇಬಲ್ ಗೆರೆಗೆ ಲಂಬ ದೂರ 263 ಮಿಮೀ. 90 ಕಿಲೋ ತೂಗುವ ಒಬ್ಬರು ಅಂಚಿನ ಬಳಿ, ಹಿಂಜಿನಿಂದ 500 ಮಿಮೀ ದೂರದಲ್ಲಿ ನಿಂತರೆ:

90 × 500 + 25 × 260 = 51,500
51,500 ÷ 263 ≈ 196 ಕಿಲೋ

ಎರಡು ಕೇಬಲ್ ಸಮನಾಗಿ ಹಂಚಿಕೊಂಡರೆ ತಲಾ 98 ಕಿಲೋ. ಒಂದು ಮೂಲೆಯಲ್ಲಿ ನಿಂತರೆ ಹೆಚ್ಚಿನ ಪಾಲು ಒಂದರ ಮೇಲೆ. ಇದು ಯಾವ ಕೇಬಲಿಗೂ ಕಷ್ಟವಲ್ಲ. ಕಷ್ಟ ಬರುವುದು ಇಳಿಜಾರು ಹಲಗೆ ಹಾಕಿ ಕ್ವಾಡ್ ಬೈಕಿನಂಥದನ್ನು (ನಾಲ್ಕು ಚಕ್ರದ ಬೈಕು) ಹತ್ತಿಸುವಾಗ. ಒಂದು ಆಕ್ಸಲ್ ಮೇಲೆ 200 ಕಿಲೋ ಬಿದ್ದು ಅದು ಅಂಚಿನ ಮೇಲೆ ಬಂದ ಕ್ಷಣದಲ್ಲಿ ಎರಡೂ ಕೇಬಲ್ ಸೇರಿ ಎಳೆತ 405 ಕಿಲೋ. ಭಾರ ಒಂದು ಕಡೆ ವಾಲಿ 70 ಶೇಕಡಾ ಒಂದೇ ಕೇಬಲಿಗೆ ಬಂದರೆ 283. ಭಾರ ನಿಧಾನಕ್ಕೆ ಕೂರದೆ ತಟ್ಟನೆ ಬಿದ್ದರೆ ಎಳೆತ ಎರಡರಷ್ಟಾಗುತ್ತದೆ: 566 ಕಿಲೋ. ಎತ್ತರದಿಂದ ಕುಪ್ಪಳಿಸಿದರೆ ಇನ್ನೂ ಹೆಚ್ಚು. ಮುಂದೆ ತುಕ್ಕಿಗೆ ಮೂರನೇ ಒಂದು ಪಾಲು ಬಿಟ್ಟುಕೊಟ್ಟರೂ ನಿಲ್ಲಬೇಕೆಂದರೆ ಹೊಸ ಕೇಬಲ್ ಒಂದಕ್ಕೆ ಹೆಚ್ಚುಕಡಿಮೆ 850 ಕಿಲೋ ಬಲ ಬೇಕು. ಇದು ಹಗ್ಗದ ಬಲವಲ್ಲ, ತುದಿಗಳೂ ಸೇರಿದ ಇಡೀ ಕೇಬಲಿನದು.

ಈಗ 7×19 ಹಗ್ಗಗಳ ಕನಿಷ್ಠ ಹರಿಯುವ ಬಲ ನೋಡಿ. 3.2 ಮಿಮೀ ಸತು ಲೇಪಿತ ಹಗ್ಗಕ್ಕೆ ಸುಮಾರು 907 ಕಿಲೋ, ಸ್ಟೇನ್‌ಲೆಸ್ 304ಕ್ಕೆ 800. 4 ಮಿಮೀ ಆದರೆ ಕ್ರಮವಾಗಿ 1270 ಮತ್ತು 1090. 4.8 ಮಿಮೀ ಆದರೆ 1905 ಮತ್ತು 1680. ಫೆರೂಲಿಗೆ 90 ಶೇಕಡಾ ಹಿಡಿದರೆ 3.2 ಮಿಮೀ ಹಗ್ಗ ನಮ್ಮ ಲೆಕ್ಕಕ್ಕೆ ತುಸು ಸಾಲದು, 4 ಮಿಮೀ ಸ್ಟೇನ್‌ಲೆಸ್ 980 ಕಿಲೋ ನಿಂತು ಸಾಕಾಗುತ್ತದೆ. ಭಾರ ಹತ್ತಿಸದ ವಾಹನಕ್ಕೆ 3.2 ಸಾಕು. 4.8 ಮಿಮೀ ಹಾಕಿದರೆ ಇನ್ನೂ ಭದ್ರ ಎನಿಸುತ್ತದೆ, ಆದರೆ ದಪ್ಪ ಹಗ್ಗ ಸಂದಿನಲ್ಲಿ ಸರಿಯಾಗಿ ಮಡಚದೆ ಕಿಂಕಾಗುತ್ತದೆ. ಜೊತೆಗೆ, ಕೇಬಲ್ ಹರಿಯದಿದ್ದರೆ ಮುಂದೆ ಸೋಲುವುದು ಕಂಬದ ತಗಡಿಗೆ ಬೆಸೆದ ನಟ್ಟು; ಅದನ್ನು ಸರಿಪಡಿಸುವುದು ಕೇಬಲ್ ಬದಲಿಸಿದಷ್ಟು ಸುಲಭವಲ್ಲ. ನಿಮ್ಮ ಬಾಗಿಲಿನ ಅಳತೆ ಬೇರೆಯಿದ್ದರೆ ಇದೇ ಲೆಕ್ಕದಲ್ಲಿ ನಿಮ್ಮ ಅಂಕಿ ಹಾಕಿ. ವಾಹನದ ಕೈಪಿಡಿಯಲ್ಲಿ ಬಾಗಿಲಿಗೆ ಭಾರದ ಮಿತಿ ಕೊಟ್ಟಿದ್ದರೆ ಕೊನೆಯ ಮಾತು ಅದೇ.

ಪ್ಯಾಕೆಟ್ ಮೇಲಿನ ಸಂಖ್ಯೆ ಓದುವಾಗ ಮೂರು ಪ್ರಶ್ನೆ ಕೇಳಿ. ಆ ಬಲ ಒಂದು ಕೇಬಲಿಗೋ, ಜೋಡಿಗೋ? ಹರಿಯುವ ಬಲವೋ, ಕೆಲಸದ ಭಾರವೋ? (ಎತ್ತುವ ಹಗ್ಗಗಳಲ್ಲಿ ಸಾಮಾನ್ಯವಾಗಿ ಕೆಲಸದ ಭಾರ ಹರಿಯುವ ಬಲದ ಐದನೇ ಒಂದು ಪಾಲು.) ಬರಿಯ ಹಗ್ಗದ್ದೋ, ತುದಿಗಳ ಸಮೇತ ಎಳೆದು ನೋಡಿದ್ದೋ? ಉತ್ತರ ಸಿಗದ ಜೋಡಿಯನ್ನು ಕೊಳ್ಳಬೇಡಿ. ದಪ್ಪ ಅಳೆಯುವಾಗ ಹೊದಿಕೆಯ ಮೇಲೆ ಅಳೆದರೆ ಮೋಸಹೋಗುತ್ತೀರಿ. 5 ಮಿಮೀ ಕಾಣುವ ಕೇಬಲಿನೊಳಗೆ 3 ಮಿಮೀ ಹಗ್ಗವಿರಬಹುದು. ಫೆರೂಲಿನ ಪಕ್ಕ ಹೊದಿಕೆ ಸುಲಿದ ಜಾಗದಲ್ಲಿ, ಎಳೆಗಳ ಉಬ್ಬಿನ ಮೇಲೆ ಕ್ಯಾಲಿಪರ್ ಇಟ್ಟು ಅಳೆಯಿರಿ.

ಅಳವಡಿಕೆ

1. ಬಾಗಿಲನ್ನು ಸ್ಟ್ಯಾಂಡಿನ ಮೇಲೆ ಸಮತಲಕ್ಕೆ ತನ್ನಿ, ಕೇಬಲ್‌ಗಳು ಸಡಿಲವಾಗಲಿ.
2. ಮೇಲಿನ ಸ್ಪ್ರಿಂಗ್ ತಗಡನ್ನು ಸ್ಕ್ರೂಡ್ರೈವರಿನಿಂದ ತುಸು ಎತ್ತಿ, ಕಣ್ಣನ್ನು ಮುಂದಕ್ಕೆ ತಳ್ಳಿ ಕಳಚಿ. ಹೆಚ್ಚು ಎತ್ತಿದರೆ ಸ್ಪ್ರಿಂಗ್ ಸೋಲುತ್ತದೆ.
3. ಬಾಗಿಲಿನ ಕಡೆಯ ಬೋಲ್ಟ್ ಬಿಚ್ಚಿ. ತುಕ್ಕು ಹಿಡಿದಿದ್ದರೆ ಪೆನೆಟ್ರೇಟಿಂಗ್ ಎಣ್ಣೆ ಬಿಟ್ಟು ಕಾಯಿರಿ. ಟಾರ್ಕ್ಸ್ ತಲೆಯಲ್ಲಿ ಮಣ್ಣು ತುಂಬಿದ್ದರೆ ಬಿಟ್ ಪೂರ್ತಿ ಕೂರದೆ ತಲೆ ಉರುಟಾಗುತ್ತದೆ, ಮೊದಲು ಕೆರೆದು ತೆಗೆಯಿರಿ.
4. ಕಂಬದ ಬೋಲ್ಟ್ ನೇರವಾಗಿದೆಯೇ, ನಟ್ಟಿನ ಸುತ್ತ ತಗಡು ಬಿರಿದಿದೆಯೇ ನೋಡಿ.
5. ಹಳೆಯ ಬುಷ್ ಸರಿಯಿದ್ದರೆ ಅದನ್ನೇ ಬಳಸಿ. ಥ್ರೆಡ್ ಲಾಕರ್ ಒಂದು ಹನಿ ಹಾಕಿ, ಕೈಪಿಡಿಯ ಟಾರ್ಕಿಗೆ ಬಿಗಿಯಿರಿ. ಅಂಕಿ ಸಿಗದಿದ್ದರೆ 8.8 ದರ್ಜೆಯ ಎಂ8 (8 ಮಿಮೀ ದಪ್ಪದ) ಬೋಲ್ಟಿಗೆ ಸುಮಾರು 25 ನ್ಯೂಟನ್-ಮೀಟರ್. ಬಿಗಿದ ಮೇಲೆ ಕಣ್ಣು ಬೆರಳಿನಿಂದ ತಿರುಗಲೇಬೇಕು.
6. ಮೇಲಿನ ತುದಿ ಸಿಕ್ಕಿಸಿ, ಸ್ಪ್ರಿಂಗ್ ‘ಟಕ್’ ಎಂದು ಕೂತದ್ದನ್ನು ಕೇಳಿ, ಎಳೆದು ನೋಡಿ.
7. ಸ್ಟ್ಯಾಂಡ್ ತೆಗೆಯದೆ ಬಾಗಿಲನ್ನು ನಿಧಾನವಾಗಿ ಮುಚ್ಚಿ, ಹಗ್ಗ ಒಳಕ್ಕೇ ಮಡಚುತ್ತಿದೆಯೇ ನೋಡಿ.
8. ಫೆರೂಲು ಮತ್ತು ಹಗ್ಗ ಸೇರುವಲ್ಲಿ ಎರಡರ ಮೇಲೂ ದಾಟುವಂತೆ ಪೇಂಟಿನ ಗೆರೆ ಎಳೆಯಿರಿ. ನಾಲ್ಕೂ ತುದಿಗಳಿಗೆ.

ಎಂಟನೆಯದನ್ನು ಬಿಡಬೇಡಿ. ಹಗ್ಗ ಒಂದು ಮಿಮೀ ಜಾರಿದರೂ ಗೆರೆ ಕಡಿದು ತೋರಿಸುತ್ತದೆ, ಕ್ರಿಂಪ್ ಕೈಕೊಡುವ ಮುಂಚೆಯೇ ಸಿಗುವ ಎಚ್ಚರಿಕೆ ಇದು.

ಭಾರ ಹಾಕಿ ನೋಡುವುದು

ಹೊಸ ಕೇಬಲ್ ಹಾಕಿದವರು ಬಾಗಿಲಿನ ಮೇಲೆ ನಿಂತು ಕುಣಿದು ನೋಡುವುದುಂಟು. ಕೇಬಲ್ ದುರ್ಬಲವಿದ್ದರೆ ಅದು ತಿಳಿಯುವುದು ಕುಣಿದವರು ಬಿದ್ದ ಮೇಲೆ. ಬದಲಿಗೆ ಸ್ಟ್ಯಾಂಡ್‌ಗಳನ್ನು ಅಂಚಿನ ಕೆಳಗೆ 30 ಮಿಮೀ ಸಂದು ಬಿಟ್ಟು ನಿಲ್ಲಿಸಿ. ಅಂಚಿನ ಮಟ್ಟ ಎರಡೂ ಕಡೆ ಬರೆದುಕೊಳ್ಳಿ. ಮರಳಿನ ಚೀಲಗಳನ್ನು ಒಂದೊಂದಾಗಿ, ಕೆಡವದೆ, ಅಂಚಿನ ಬಳಿ ಇಡುತ್ತ 100 ಕಿಲೋ ತನಕ ಹೋಗಿ. ಮೇಲಿನ ಬಾಗಿಲಿನಲ್ಲಿ ಇದು ಪ್ರತಿ ಕೇಬಲಿಗೆ ಸುಮಾರು 107 ಕಿಲೋ ಎಳೆತ. ಹತ್ತು ನಿಮಿಷ ಬಿಟ್ಟು ಚೀಲ ಇಳಿಸಿ, ಮತ್ತೆ ಅಳೆಯಿರಿ. ಹೊಸ ಹಗ್ಗದ ಎಳೆಗಳು ಒತ್ತೊತ್ತಾಗಿ ಕೂರುವುದರಿಂದ ಮೊದಲ ಸಲ ಅಂಚು ಒಂದೆರಡು ಮಿಮೀ ಇಳಿದೇ ಉಳಿಯಬಹುದು. ಎರಡನೇ ಸಲ ಹಾಕಿ ತೆಗೆದಾಗ ಮತ್ತೆ ಇಳಿಯಬಾರದು. ಇಳಿದರೆ ಪೇಂಟಿನ ಗೆರೆ ನೋಡಿ: ಗೆರೆ ಕಡಿದಿದ್ದರೆ ಕ್ರಿಂಪ್ ಜಾರುತ್ತಿದೆ, ಕಡಿಯದಿದ್ದರೆ ಕಣ್ಣಿನ ತಗಡು ಅಥವಾ ಕಂಬದ ಬೋಲ್ಟ್ ಬಾಗುತ್ತಿದೆ. ಈ ಪರೀಕ್ಷೆ ಹರಿಯುವ ಬಲವನ್ನು ಹೇಳುವುದಿಲ್ಲ, ಕೆಟ್ಟ ಕ್ರಿಂಪನ್ನು ಹಿಡಿದುಕೊಡುತ್ತದೆ.

ಕೇಬಲ್ ತಕ್ಷಣ ಸಿಗದಿದ್ದರೆ ಬಾಗಿಲನ್ನು ಮುಚ್ಚಿಯೇ ಓಡಾಡಿ. ಹರಿದ ಹಗ್ಗಕ್ಕೆ ಗಂಟು ಹಾಕಿದರೆ ಬಲ ಅರ್ಧದಷ್ಟು ಕುಸಿಯುತ್ತದೆ, ಉದ್ದವೂ ಕೆಡುತ್ತದೆ. ಯು-ಬೋಲ್ಟ್ ಕ್ಲಿಪ್ (ಹಗ್ಗವನ್ನು ನಟ್ಟಿನಿಂದ ಒತ್ತಿ ಹಿಡಿಯುವ ಯು ಆಕಾರದ ಹಿಡಿಕೆ) ಸರಿಯಾಗಿ ಹಾಕಿದರೆ 80 ಶೇಕಡಾ ಉಳಿಯುತ್ತದೆ, ಆದರೆ ಅದರ ನಟ್ಟುಗಳು ಪೇಂಟು ಕೆರೆದು ಸಂದಿನಲ್ಲಿ ಸಿಕ್ಕಿಕೊಳ್ಳುತ್ತವೆ. ಭಾರ ಹತ್ತಿಸಲೇಬೇಕಾಗಿ ಬಂದರೆ ಅಂಚಿನ ಕೆಳಗೆ ಎರಡು ಸ್ಟ್ಯಾಂಡ್ ಕೊಟ್ಟು ಹತ್ತಿಸಿ. ಆಗ ಭಾರ ನೇರ ನೆಲಕ್ಕೆ ಹೋಗುತ್ತದೆ. ಹೊಸ ಕೇಬಲ್ ಇದ್ದಾಗಲೂ ಕ್ವಾಡ್ ಬೈಕ್ ಹತ್ತಿಸುವವರು ಹೀಗೆ ಮಾಡುವುದೇ ಲೇಸು.

ಪೇಂಟಿನ ಗೆರೆ, ಬೋಲ್ಟಿನ ಬಿಗಿ, ಸ್ಪ್ರಿಂಗ್ ತಗಡು ಇವನ್ನು ಎಂಜಿನ್ ಆಯಿಲ್ ಬದಲಿಸುವಾಗಲೆಲ್ಲ ನೋಡಿ. ಉಪ್ಪುನೀರಿನ ಗಾಳಿಯಲ್ಲಿ ಓಡುವ ವಾಹನವಾದರೆ ತಿಂಗಳಿಗೊಮ್ಮೆ ಫೆರೂಲಿನ ಬಾಯನ್ನು ಸಿಹಿನೀರಿನಲ್ಲಿ ತೊಳೆದು, ಬಾಗಿಲು ತೆರೆದೇ ಒಣಗಿಸಿ.